ದೇವರ ಮುಂದೆ ಇಟ್ಟ ಅರ್ಜಿ

ಪಾಸ್‌ಪೋರ್ಟ್ ಸೈಜಿನ ಫೋಟೋಗಳ ಒಂದು ಗುಣ ನೀವು ಗಮನಿಸಿದ್ದೀರೋ ಇಲ್ಲವೋ. ಅರ್ಜಿಗೆ ಬೇಕಾಗುವುದು ಎರಡು, ಸ್ಟುಡಿಯೋದವರು ಕೊಡುವುದು ಮೂರು. ಆ ಮೂರನೆಯದಕ್ಕೆ ಎಲ್ಲಿಯೂ ಕೆಲಸವಿಲ್ಲ. ಹಾಗಂತ ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ, ಮನುಷ್ಯರ ಮುಖ ಅಲ್ವಾ. ಹೀಗೆ ನಮ್ಮ ಬಂಟ್ವಾಳದ ಅರ್ಧ ಪೇಟೆಯ ಮಕ್ಕಳು ನನ್ನ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಸೇರಿಕೊಂಡಿದ್ದಾರೆ. ಎಣ್ಣೆ ಹಾಕಿ ಒತ್ತಿ ಬಾಚಿದ ತಲೆ, ಇಷ್ಟಗಲ ತೆರೆದ ಕಣ್ಣು, ನಗಬೇಡ ಅಂತ ಯಾರೋ ಗದರಿಸಿದ ಹಾಗೆ ಬಿಗಿದ ತುಟಿ. ಅವರಲ್ಲಿ ಎಷ್ಟೋ ಮಂದಿಗೆ ಈಗ ತಲೆಯಲ್ಲಿ ಬಾಚುವಷ್ಟು ಕೂದಲೂ ಉಳಿದಿಲ್ಲ.

ಮೊನ್ನೆ ಒಂದು ಗುಂಡುಸೂಜಿ ಬೇಕಾಗಿ ಆ ಡಬ್ಬಿ ತೆಗೆದೆ. ಸೂಜಿ ಸಿಗಲಿಲ್ಲ, ಜಯಂತಿ ಸಿಕ್ಕಿದಳು.

ಅವಳ ವಿಷಯಕ್ಕೆ ಬರುವ ಮೊದಲು ಈ ಡಬ್ಬಿ ನನ್ನ ಕೈಗೆ ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ನಾನು ಕಲಿತವಳಲ್ಲ. ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ನನ್ನ ತವರು. ಎರಡನೇ ಪಿಯುಸಿಯ ಮಧ್ಯದಲ್ಲಿ ಮದುವೆಯಾಯಿತು. ಪರೀಕ್ಷೆಯ ಹಾಲ್ ಟಿಕೆಟ್ ತವರಿಗೆ ಬಂದು ಮುಟ್ಟುವಾಗ ನಾನು ಪಾಣೆಮಂಗಳೂರಿನ ಸೇತುವೆ ದಾಟಿ ಇಲ್ಲಿಗೆ ಬಂದು, ಅತ್ತೆಯಿಂದ ದೋಸೆಗೆ ಅಕ್ಕಿ ಎಷ್ಟು ನೆನೆಹಾಕಬೇಕು ಅಂತ ಕಲಿಯುತ್ತಿದ್ದೆ. ಅಪ್ಪ ಆ ಹಾಲ್ ಟಿಕೆಟನ್ನು ಬಿಸಾಡದೆ ಅಂಚೆಯಲ್ಲಿ ಕಳಿಸಿದರು. ಅದರಲ್ಲಿಯೂ ನನ್ನದೊಂದು ಫೋಟೋ ಇತ್ತು. ಡಬ್ಬಿಗೆ ಮೊದಲು ಬಿದ್ದ ಮುಖ ನನ್ನದೇ.

ಆದರೆ ನನ್ನ ಅಕ್ಷರ ದುಂಡಗೆ. ಮದುವೆಯಾಗಿ ಬಂದ ಮೇಲೆ ಕಾಗದ ಬರೆಸಿಕೊಳ್ಳಲು ನೆರೆಮನೆಯವರು ಬರತೊಡಗಿದರು, ಕಾಗದದಿಂದ ಅದು ಕಾಲೇಜಿನ ಫಾರ್ಮಿಗೆ ಹೋಯಿತು. ಆಗ ಫಾರ್ಮುಗಳೆಲ್ಲ ಇಂಗ್ಲಿಷಿನಲ್ಲಿ. ನಾನು ತುಂಬಿಸಿದ ಮೊದಲ ಫಾರ್ಮು ನೆರೆಮನೆಯ ಒಬ್ಬ ಹುಡುಗನದು, ಅದರ ಕೊನೆಯ ಪುಟದಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಅಂತ ಒಂದು ಚೌಕ ಇತ್ತು. ಖಾಲಿ ಬಿಟ್ಟರೆ ಅವರಿಗೆ ಮರ್ಯಾದೆ ಕೊಡದ ಹಾಗಾಗುತ್ತದೆ ಅಂತ ಅದನ್ನೂ ತುಂಬಿಸಿದೆ. ಪ್ರವೇಶ ಕೊಡಲಾಗಿದೆ ಅಂತ ನಾನೇ ಬರೆದು ಕಳಿಸಿದ್ದೆ. ಪುಣ್ಯಕ್ಕೆ ಆ ಹುಡುಗನಿಗೆ ಸೀಟು ಸಿಕ್ಕಿತು. ನನ್ನವರು ವಾರವಿಡೀ ನಕ್ಕರು, ಪ್ರಿನ್ಸಿಪಾಲರ ಕೆಲಸವನ್ನೂ ನೀನೇ ಮಾಡಿ ಮುಗಿಸಿದರೆ ಅವರು ಬೇಡ ಅನ್ನುತ್ತಾರಾ ಅಂತ.

ಬರುಬರುತ್ತಾ ಕಲಿತೆ. ಆದಾಯದ ಸರ್ಟಿಫಿಕೇಟಿಗೆ ತಾಲೂಕು ಆಫೀಸಿನಲ್ಲಿ ಯಾವ ಮೇಜಿನ ಮುಂದೆ ನಿಲ್ಲಬೇಕು, ಯಾವ ಸಮಾಜದ ಸಂಘದವರು ಫೀಸಿಗೆ ಕೊಡುತ್ತಾರೆ, ಯಾರು ಪುಸ್ತಕ ಮಾತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಎಲ್ಲ. ಗುರುತಿನ ಮಚ್ಚೆ ಯಾವುದು ಅಂತ ಕೇಳಿದರೆ ತಾಯಂದಿರು ಜಗಲಿಯಲ್ಲಿಯೇ ಮಗನ ಅಂಗಿ ಎತ್ತಿಸುತ್ತಿದ್ದರು. ಪಾಣೆಮಂಗಳೂರಿನ ಮೈಮೂನಾಳ ಗಂಡ ಕೊಲ್ಲಿ ದೇಶದ ದಮ್ಮಾಮಿನಲ್ಲಿ. ಮಗಳ ಫಾರ್ಮಿಗೆ ತಾಯಿಯ ಸಹಿ ಬೇಕು, ಅವಳಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದರೆ ಮಗಳಿಗೆ ಕಾಲೇಜಿನಲ್ಲಿ ನಾಚಿಕೆಯಾಗುತ್ತದಂತೆ. ಮೂರು ಮಧ್ಯಾಹ್ನ ನಮ್ಮ ಅಡಿಗೆಮನೆಯ ಮೆಟ್ಟಿಲಲ್ಲಿ ಕೂತು ಹಳೆ ಪೇಪರಿನ ಮೇಲೆ ಹೆಸರು ಬರೆದು ಬರೆದು ಕಲಿತಳು. ನಾಲ್ಕನೆಯ ದಿನ ಫಾರ್ಮಿನ ಮೇಲೆ ಸಹಿ ಹಾಕಿ, ಬೆವರು ಒರೆಸಿ, ಹೆರಿಗೆಯೇ ಇದಕ್ಕಿಂತ ಸುಲಭ ಅಂದಳು. ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟದ್ದನ್ನು ಒಂದೊಂದಾಗಿ ಎಣಿಸುವುದು ನನ್ನ ಅಭ್ಯಾಸ. ಆ ಸಂಜೆ ಮೈಮೂನಾಳ ಸಹಿಯನ್ನು ಎಣಿಸಿದ್ದು ನೆನಪುಂಟು.

ಇನ್ನೊಂದು ಅಭ್ಯಾಸವೂ ಇತ್ತು. ತುಂಬಿಸಿದ ಫಾರ್ಮನ್ನು ಅದೇ ದಿನ ಕೊಡುತ್ತಿರಲಿಲ್ಲ. ಮೂಲೆಗೆ ಒಂದು ಕುಂಕುಮದ ಬೊಟ್ಟು ಇಟ್ಟು ದೇವರ ಮುಂದೆ ಇಡುವುದು, ಮರುದಿನ ಪೂಜೆ ಆದ ಮೇಲೆ ಕೊಡುವುದು. ಕಚೇರಿಯ ಚೌಕ ತುಂಬಿಸಿದ್ದಕ್ಕೆ ಹೆದರಿಕೆಯಾಗಿ ಆ ಹುಡುಗನ ಫಾರ್ಮನ್ನು ಹಾಗೆ ಇಟ್ಟಿದ್ದೆ. ಅವನಿಗೆ ಸಿಕ್ಕಿದ್ದರಿಂದ ಅದು ಪದ್ಧತಿಯಾಯಿತು. ಈ ಅಕ್ಕ ದೇವರ ಹತ್ತಿರ ಇಟ್ಟುಕೊಟ್ಟರೆ ಸೀಟು ಸಿಗುತ್ತದೆ ಅಂತ ಪೇಟೆಯಲ್ಲಿ ಮಾತು ಹಬ್ಬಿತು. ತೊಂಬತ್ತು ಪರ್ಸೆಂಟ್ ತೆಗೆದವನಿಗೆ ಸೀಟು ಸಿಗಲಿಕ್ಕೆ ನನ್ನ ಬೊಟ್ಟು ಬೇಕಾ, ಹೇಳಿ. ಆದರೂ ಕೇಳುವಾಗ ಸಂತೋಷವಾಗುತ್ತಿತ್ತು. ಮೈಮೂನಾಳ ಹತ್ತಿರ ಮಾತ್ರ ಸಂಕೋಚದಿಂದ ಕೇಳಿದೆ, ಇಡಬಹುದಾ ಅಂತ. ಅವಳು ನಕ್ಕುಬಿಟ್ಟಳು.

“ಇಡಿ ಅಕ್ಕ. ಅಲ್ಲಿ ಮನೆಯಲ್ಲಿ ನಾನೂ ದುವಾ ಮಾಡ್ತೇನೆ. ಇಬ್ಬರೂ ಕೇಳುವ, ಸೀಟು ಒಂದೇ ಅಲ್ವಾ.”

ನಮ್ಮ ಮನೆಯ ದೇವರ ಕೋಣೆಯ ಬಗ್ಗೆಯೂ ಹೇಳಬೇಕು. ಗೇಟು, ಎದುರುಬಾಗಿಲು, ದೇವರ ಕೋಣೆಯ ಬಾಗಿಲು ಮೂರೂ ಒಂದೇ ಗೆರೆಯಲ್ಲಿವೆ. ದೀಪ ರಸ್ತೆಗೆ ಕಾಣಬೇಕು ಅಂತ ಮಾವ ಹಾಗೆ ಕಟ್ಟಿಸಿದ್ದು. ಬಸ್ಸಿಗೆ ಓಡುವವರು ಸಹ ಗೇಟಿನ ಹತ್ತಿರ ಒಂದು ಕ್ಷಣ ನಿಂತು ಕೈಮುಗಿದು ಓಡುತ್ತಿದ್ದರು. ಅದು ನನಗೆ ದೊಡ್ಡ ಹೆಮ್ಮೆ. ಮಾವ ತೀರಿಹೋದ ಮೇಲೆ ಆ ಕೋಣೆಯ ಮಡಿ ಅತ್ತೆಯ ಕೈಗೆ ಬಂತು, ಅತ್ತೆಯಿಂದ ನನ್ನ ಕೈಗೆ.

ಈಗ ಜಯಂತಿ. ಅವಳ ತಾಯಿ ಕಮಲ ನಮ್ಮ ಮನೆಯ ಹಿಂದೆ ಹರಿಯುವ ತೋಡು ದಾಟಿದರೆ ಸಿಗುವ ಮನೆಯವಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ಇವಳು ಬೀಡಿ ಕಟ್ಟುವುದು. ಅವಳೊಂದಿಗೆ ನೀವು ಎಷ್ಟು ಹೊತ್ತು ಮಾತಾಡಿದರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಜಯಂತಿ ಹತ್ತನೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಲೆಕ್ಕದಲ್ಲಿ ಶಾಲೆಗೇ ಹೆಚ್ಚು ಮಾರ್ಕು. ಮಾತು ಕಮ್ಮಿ. ನನ್ನ ಎದುರು ನಿಂತು ಹೇಳಿದ್ದು ಒಂದೇ, ತನಗೆ ಸಾಯನ್ಸ್ ತಗೊಂಡು ಲೆಕ್ಕದ ಟೀಚರ್ ಆಗಬೇಕು ಅಂತ.

ನಮ್ಮ ಹತ್ತಿರದ ಕಾಲೇಜಿನಲ್ಲಿ ಆಗ ಸಾಯನ್ಸ್ ಇರಲಿಲ್ಲ. ಬೀಡಿ ಕಟ್ಟುವವರ ಮಕ್ಕಳಿಗೆ ಸ್ಕಾಲರ್‌ಶಿಪ್ ಏನೋ ಇತ್ತು, ಆದರೆ ಬೀಡಿ ಕಾರ್ಡು ಕಮಲಳ ಅತ್ತೆಯ ಹೆಸರಿನಲ್ಲಿ. ಕಟ್ಟುವವಳು ಕಮಲ, ದಾಖಲೆಯಲ್ಲಿ ಕಟ್ಟುವವಳು ಎಪ್ಪತ್ತು ದಾಟಿದ ಅತ್ತೆ, ಆ ಅತ್ತೆಗೆ ಕಾಲೇಜಿಗೆ ಹೋಗುವ ಮಕ್ಕಳು ಎಲ್ಲಿಂದ? ಆಗ ಮೂಡಬಿದ್ರೆ ಕಡೆಯ ಒಂದು ಕಾಲೇಜಿನ ಸುದ್ದಿ ಸಿಕ್ಕಿತು, ಹೆಸರು ಬೇಡ. ಬಡವರ ಮನೆಯ, ಚೆನ್ನಾಗಿ ಕಲಿಯುವ ಕೆಲವು ಹುಡುಗಿಯರಿಗೆ ಅಲ್ಲಿ ಹಾಸ್ಟೆಲು, ಊಟ, ಫೀಸು ಎಲ್ಲ ಧರ್ಮಕ್ಕೆ. ಫಾರ್ಮನ್ನು ಕೈಯಲ್ಲೇ ಒಯ್ದು ಕೊಡಬೇಕು. ಕೊನೆಯ ದಿನ ಶನಿವಾರ.

ಶನಿವಾರಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಎಲ್ಲ ತಯಾರಾಯಿತು. ಆದಾಯದ ಸರ್ಟಿಫಿಕೇಟಿಗೆ ಕಮಲ ಮೂರು ಸಲ ಬಿ.ಸಿ. ರೋಡಿನ ತಾಲೂಕು ಆಫೀಸಿಗೆ ಹೋಗಿ ಬಂದಿದ್ದಳು. ಅಸಲು ಮಾರ್ಕ್ಸ್ ಕಾರ್ಡು, ಎರಡು ಫೋಟೋ, ಸರ್ಟಿಫಿಕೇಟು ಎಲ್ಲ ಒಂದು ಕವರಿನಲ್ಲಿ ಹಾಕಿ, ಬುಧವಾರ ಸಂಜೆ ಬೊಟ್ಟು ಇಟ್ಟು ದೇವರ ಮುಂದೆ ಇಟ್ಟೆ. ನಾಳೆ ಬಂದು ತಗೊಂಡು ಹೋಗು ಅಂತ ಕಮಲಳಿಗೆ ಹೇಳಿದೆ.

ಗುರುವಾರ ಬೆಳಿಗ್ಗೆ, ಪೂಜೆಗೆ ಇನ್ನೂ ಹೂ ಕೊಯ್ದಿರಲಿಲ್ಲ, ಬೆಳ್ತಂಗಡಿಯಿಂದ ಫೋನು ಬಂತು. ನನ್ನವರ ದೊಡ್ಡಪ್ಪ ತೀರಿಹೋಗಿದ್ದರು.

ನಮ್ಮಲ್ಲಿ ಅಂಥ ಸಾವಿಗೆ ಹತ್ತು ದಿನ ಸೂತಕ. ದೇವರಿಗೆ ದೀಪವಿಲ್ಲ, ಪೂಜೆಯಿಲ್ಲ, ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಹನ್ನೊಂದನೆಯ ದಿನ ಶುದ್ಧ. ನಾನು ಬಾಗಿಲು ಎಳೆದು ಚಿಲಕ ಹಾಕಿದೆ. ಆಮೇಲೆ ಬೆರಳಲ್ಲಿ ಎಣಿಸಿದೆ. ಶುದ್ಧ ಬರುವುದು ಭಾನುವಾರ. ಫಾರ್ಮಿನ ಕೊನೆಯ ದಿನಕ್ಕಿಂತ ಒಂದು ದಿನ ಆಚೆ.

ಒಂದೇ ದಿನ ಅಲ್ವಾ ಅಂದುಕೊಂಡೆ. ದೇವರ ಮುಂದೆಯೇ ಉಂಟು, ಅವನೇ ನೋಡಿಕೊಳ್ಳುತ್ತಾನೆ. ಮಕ್ಕಳಿಗೆ ಕೊಡುವ ಧರ್ಮದಲ್ಲಿ ಒಂದು ದಿನ ಅಂತ ಯಾರು ಹಟ ಮಾಡುತ್ತಾರೆ? ಹೀಗೆ ದಿನಕ್ಕೊಂದು ಸಮಾಧಾನ ಹೇಳಿಕೊಂಡೆ. ಅತ್ತೆ ಒಳಗಿನ ಕೋಣೆಯಲ್ಲಿಯೇ ಇದ್ದರು. ನಾನು ಅವರನ್ನು ಒಂದು ಮಾತು ಕೇಳಲಿಲ್ಲ.

ಸಾವಿನ ಸುದ್ದಿ ಕೇಳಿ ಗುರುವಾರ ಬಾರದ ಕಮಲ ಮಂಗಳವಾರ ಬಂದಳು. ಸಾವಿನ ಮನೆ ಅಂತ ಜಗಲಿಯ ತುದಿಯಲ್ಲಿ ಕೂತು ದೊಡ್ಡಪ್ಪನ ವಯಸ್ಸು, ಕಾಯಿಲೆ ವಿಚಾರಿಸಿದಳು. ಆ ದಿನ ಮಾತ್ರ ಅವಳ ಬೆರಳುಗಳು ಸುಮ್ಮನಿದ್ದವು. ಫಾರ್ಮಿನ ಸುದ್ದಿ ಎತ್ತಲಿಲ್ಲ. ಸೂತಕದ ಮನೆಯಲ್ಲಿ ತನ್ನ ಕೆಲಸದ ಮಾತು ತೆಗೆಯುವವಳಲ್ಲ ಅವಳು. ನಾನಾದರೂ ಎತ್ತಬೇಕಿತ್ತು.

ಶುಕ್ರವಾರ ಮತ್ತೆ ಬಂದಳು, ಜಯಂತಿಯನ್ನೂ ಕರೆದುಕೊಂಡು. ಹುಡುಗಿ ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತಳು. ಕಮಲ ಸ್ವಲ್ಪ ಹೊತ್ತು ಕೂತು, ಎದ್ದು, ಸೆರಗು ಸರಿ ಮಾಡಿಕೊಂಡು ಕೇಳಿದಳು.

“ಪೂಜೆ ಇನ್ನು ಯಾವಾಗ ಶುರು ಅಕ್ಕ?”

“ಭಾನುವಾರ.”

ಅವಳು ಒಮ್ಮೆ ಒಳಗೆ ಆ ಬಾಗಿಲಿನ ಕಡೆ ನೋಡಿದಳು. “ಹಾಗಾದರೆ ಸೋಮವಾರ ಬರ್ತೇನೆ” ಅಂದಳು.

“ಒಂದು ದಿನಕ್ಕೆ ಅವರು ಏನೂ ಹೇಳಲಿಕ್ಕಿಲ್ಲ. ನಾನೇ ಬರ್ತೇನೆ ಜೊತೆಗೆ” ಅಂದೆ ನಾನು.

ಆ ಸಂಜೆ ನನ್ನವರು ಬೆಳ್ತಂಗಡಿಯಿಂದ ಬಟ್ಟೆ ಒಯ್ಯಲಿಕ್ಕೆಂದು ಬಂದಿದ್ದರು. ಆ ಹುಡುಗಿಯ ಫಾರ್ಮು ಕೊಟ್ಟಾಯಿತಾ ಅಂತ ಅವರಾಗಿಯೇ ಕೇಳಿದರು. ಒಳಗುಂಟು ಅಂದೆ. ಬಾಗಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ತೆಗೆದು ಕೊಡು ಮಾರಾಯ್ತಿ.”

“ಅತ್ತೆ ಇದ್ದಾರೆ” ಅಂದೆ. ಅವರು ಬೈರಾಸು ತಗೊಂಡು ಸ್ನಾನಕ್ಕೆ ಹೋದರು.

ಸೋಮವಾರ ಬೆಳಿಗ್ಗೆ ಮೂವರೂ ಮೂಡಬಿದ್ರೆಯ ಬಸ್ಸು ಹತ್ತಿದೆವು. ತಡವಾದದ್ದಕ್ಕೆ ನಾನೊಂದು ಇಂಗ್ಲಿಷ್ ಪತ್ರ ಬರೆದು ಇಟ್ಟುಕೊಂಡಿದ್ದೆ. ಸೂತಕ ಅನ್ನುವುದಕ್ಕೆ ನಿಘಂಟಿನಲ್ಲಿ ಸರಿಯಾದ ಶಬ್ದ ಸಿಗದೆ, ಮನೆಯಲ್ಲಿ ಒಂದು ಮರಣ ಸಂಭವಿಸಿದ ಕಾರಣ ಅಂತ ಬರೆದಿದ್ದೆ. ಆಫೀಸಿನ ಗುಮಾಸ್ತರು ವಯಸ್ಸಾದವರು, ಸಮಾಧಾನಿ. ಪತ್ರ ಓದಿ ಕನ್ನಡಕ ತೆಗೆದು, ಜಯಂತಿಯ ಮುಖ ನೋಡಿ ಮೆಲ್ಲಗೆ ಕೇಳಿದರು.

“ಯಾರಮ್ಮ ತೀರಿಹೋದದ್ದು? ಅಪ್ಪನಾ?”

“ಅಲ್ಲ ಸರ್” ಅಂದಳು ಜಯಂತಿ. “ಅಕ್ಕನ ಮನೆಯಲ್ಲಿ.”

ಅವರು ನನ್ನನ್ನು ನೋಡಿದರು. ಕವರಿನಿಂದ ಫಾರ್ಮು ತೆಗೆದು ಮೂಲೆಯ ಕುಂಕುಮ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

“ಫಾರ್ಮು ತಗೊಳ್ಳಲಿಕ್ಕೆ ನನಗೇನು ಕಷ್ಟ ಅಮ್ಮ. ಧರ್ಮದ ಹಾಸ್ಟೆಲಿನ ಪಟ್ಟಿ ಶನಿವಾರ ಸಂಜೆಯೇ ಮೇಲೆ ಹೋಗಿ ಆಯ್ತು. ಈ ಮಾರ್ಕಿಗೆ ಖಂಡಿತ ಆಗುತ್ತಿತ್ತು. ಇನ್ನು ಫೀಸು ಕಟ್ಟಿ ಸೇರುವುದಾದರೆ ಸೀಟು ಕೊಡುವ.”

ಫೀಸು ಎಷ್ಟು ಅಂತ ಕಮಲ ಕೇಳಲೂ ಇಲ್ಲ. ಮಾರ್ಕ್ಸ್ ಕಾರ್ಡನ್ನು ಸೆರಗಿನಲ್ಲಿ ಸುತ್ತಿ ಹೊರಗೆ ಬಂದಳು. ಹಿಂದೆ ಬರುವಾಗ ಜಯಂತಿ ಕಿಟಕಿಯ ಹತ್ತಿರ ಕೂತು ಇಡೀ ದಾರಿ ಹೊರಗೆ ನೋಡುತ್ತಿದ್ದಳು. ನಾನು ಏನೋ ಹೇಳಲು ಹೊರಟೆ. ಕಮಲ ನನ್ನ ಕೈ ಒತ್ತಿ ಹಿಡಿದಳು.

“ಅವಳ ಹಣೆಯಲ್ಲಿ ಬರೆದಿಲ್ಲ ಅಕ್ಕ. ನೀವು ಎಂಥ ಮಾಡ್ಲಿಕ್ಕುಂಟು? ಸೂತಕ ಬಂದದ್ದಲ್ವಾ.”

ಹೌದು ಅಂತ ತಲೆಯಾಡಿಸಿದೆ. ಇಷ್ಟು ವರ್ಷದಲ್ಲಿ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ತಲೆಯಾಡಿಸಿದ್ದೇ.

ಬೊಂಬಾಯಿಯಿಂದ ಅವಳ ಅಪ್ಪ ಮುಂದಿನ ವರ್ಷ ನೋಡುವ ಅಂತ ಕಾಗದ ಬರೆಸಿದರಂತೆ. ಜಯಂತಿ ತಾಯಿಯ ಪಕ್ಕದಲ್ಲಿ ಕೂತು ಬೀಡಿ ಕಟ್ಟಲು ಕಲಿತಳು. ತೋಡಿನ ಆಚೆ ಇಬ್ಬರ ತಲೆಯೂ ಬಗ್ಗಿರುವುದು ನಮ್ಮ ಬಾವಿಕಟ್ಟೆಯಿಂದ ಕಾಣುತ್ತಿತ್ತು. ಮುಂದಿನ ವರ್ಷ ಫಾರ್ಮಿನ ದಿನಗಳು ಬಂದವು, ಅವಳು ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಕರೆಯಬಹುದಿತ್ತು, ಎರಡು ನಿಮಿಷದ ದಾರಿ. ಯಾವ ಮುಖದಲ್ಲಿ ಕರೆಯಲಿ ಅಂತ ನನ್ನ ಮುಖದ ಬಗ್ಗೆಯೇ ಯೋಚನೆ ಮಾಡಿದೆ, ಅವಳ ಎರಡನೆಯ ವರ್ಷವೂ ಹಾಗೆಯೇ ಹೋಯಿತು. ಆಮೇಲೆ ಮೂಡಬಿದ್ರೆಯ ಹತ್ತಿರ ಪುತ್ತಿಗೆಗೆ ಮದುವೆಯಾಗಿ ಹೋದಳು. ಮದುವೆಗೆ ಹೋಗಿದ್ದೆ, ಸೀರೆ ಕೊಟ್ಟಿದ್ದೆ, ಹೋಳಿಗೆ ಚೆನ್ನಾಗಿತ್ತು.

ಅಷ್ಟು ವರ್ಷ ನಾನು ಮನಸ್ಸಿನಲ್ಲಿ ದೂರಿದ್ದು ಅತ್ತೆಯನ್ನು. ಅವರ ಮಡಿ ಅಷ್ಟು ಬಿಗಿ ಇಲ್ಲದಿದ್ದರೆ ಅಂತ. ಹೀಗಿರುವಾಗ ಎರಡು ಸಾವಿರದ ಆಚೆ ಒಂದು ವರ್ಷ, ನೆಂಟರಲ್ಲಿ ಇನ್ನೊಂದು ಸಾವಾಗಿ ಮತ್ತೆ ಸೂತಕ ಬಂತು. ಅತ್ತೆಗೆ ಆಗ ತುಂಬ ವಯಸ್ಸು. ಮೂರನೆಯ ದಿನವೋ ಏನೋ, ಕನ್ನಡಕ ಎಲ್ಲಿ ಅಂತ ಹುಡುಕಿ ಹುಡುಕಿ, ದೇವರ ಕೋಣೆಯಲ್ಲಿ ಬಿಟ್ಟದ್ದು ನೆನಪಾಯಿತು. ಹೋಗಿ ತಾ ಅಂದರು. ಸೂತಕ ಅಲ್ವಾ ಅತ್ತೆ ಅಂದೆ.

“ಕನ್ನಡಕಕ್ಕೆ ಎಂಥ ಸೂತಕ? ದೇವರನ್ನು ಮುಟ್ಟಬೇಡ, ದೀಪ ಮುಟ್ಟಬೇಡ. ಚಿಲಕ ತೆಗೆ, ಕೈ ಹಾಕು, ತಾ.”

ನಾನು ಚಿಲಕ ತೆಗೆದೆ, ಕೈ ಹಾಕಿದೆ, ತಂದೆ. ಅಷ್ಟೇ ಇದ್ದದ್ದು ಕೆಲಸ. ಕನ್ನಡಕ ಅವರ ಕೈಗೆ ಕೊಡುವಾಗ ಅಳು ಬಂತು, ಜಯಂತಿಯ ಫಾರ್ಮಿನ ಕಥೆ ಎಲ್ಲ ಹೇಳಿದೆ. ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದರು. ಆ ಹುಡುಗಿಯ ಫಾರ್ಮು ಒಳಗಿತ್ತು ಅಂತಲೇ ಅವರಿಗೆ ಗೊತ್ತಿರಲಿಲ್ಲ.

“ಒಂದು ಮಾತು ಕೇಳಿದ್ದರೆ ನಾನೇ ತೆಗೆದು ಕೊಡುತ್ತಿದ್ದೆ. ನನ್ನ ಹತ್ತಿರ ಅಷ್ಟು ಹೆದರಿಕೆಯಾ ನಿನಗೆ?”

ಹೆದರಿಕೆಯಲ್ಲ ಅತ್ತೆ ಅಂತ ಬಾಯಿಗೆ ಬಂದದ್ದನ್ನು ನುಂಗಿದೆ. ನಿಜವಾಗಿ ಅದು ಹೆದರಿಕೆಯಲ್ಲ. ಅತ್ತೆಗಿಂತ ಒಂದು ಮಡಿ ಹೆಚ್ಚು ನನ್ನದು ಅಂತ ಪೇಟೆಯಲ್ಲಿ ಹೆಸರಿತ್ತು, ಅದು ನನಗೆ ಬೇಕಾಗಿತ್ತು. ನನ್ನ ಬೊಟ್ಟಿಗೆ ಸೀಟು ಸಿಗುತ್ತದೆ ಅನ್ನುವ ಮಾತೂ ಬೇಕಾಗಿತ್ತು. ದೇವರ ಹೆಸರಿನಲ್ಲಿ ಕಾದಿಟ್ಟುಕೊಂಡದ್ದು ಇದನ್ನು. ಆಮೇಲೆ ಫಾರ್ಮುಗಳನ್ನು ದೇವರ ಮುಂದೆ ಇಡುವುದು ಬಿಟ್ಟೆ. ಬರೆದು ಮುಗಿದ ಕೂಡಲೇ ಕೊಡುತ್ತೇನೆ. ದೇವರ ಹತ್ತಿರ ಕೇಳಲಿಕ್ಕಿದ್ದರೆ ನಾನೊಬ್ಬಳೇ ಹೋಗಿ ಕೇಳುತ್ತೇನೆ. ಅದಕ್ಕೆ ಕಾಗದ ಬೇಡ.

ಡಬ್ಬಿಯಲ್ಲಿ ಜಯಂತಿ ಸಿಕ್ಕಿದಳು ಅಂದೆನಲ್ಲ. ಎರಡು ಜಡೆ, ಅದಕ್ಕೆ ಶಾಲೆಯ ರಿಬ್ಬನ್ನು. ಫೋಟೋವನ್ನು ಪರ್ಸಿನಲ್ಲಿ ಹಾಕಿಕೊಂಡು ಮರುದಿನವೇ ಪುತ್ತಿಗೆಗೆ ಹೊರಟೆ. ಕಮಲ ತೀರಿಹೋಗಿ ಎರಡು ವರ್ಷ ಆಯಿತು. ಅವಳಿಗೆ ಹೇಳಲಿಕ್ಕೆ ಆಗಲಿಲ್ಲ, ಮಗಳಿಗಾದರೂ ಹೇಳುವ ಅಂತ.

ಜಯಂತಿಯ ಮನೆಯ ಜಗಲಿಯಲ್ಲಿ ಒಬ್ಬ ಹುಡುಗಿ ಮತ್ತು ಅವಳ ತಾಯಿ ಕೂತಿದ್ದರು. ಜಯಂತಿ ನಡುವೆ ಚಾಪೆಯ ಮೇಲೆ ಕೂತು ಫಾರ್ಮು ತುಂಬಿಸುತ್ತಿದ್ದಳು. ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ಅವಳೇ, ಹಾಗಾಗಿ ಊರಿನ ಮಕ್ಕಳ ಫಾರ್ಮೂ ಅವಳ ಕೈಗೆ ಬರುತ್ತದಂತೆ. ನನ್ನನ್ನು ನೋಡಿ ಎದ್ದಳು, ಬೆಲ್ಲ ನೀರು ಕೊಟ್ಟಳು, ನನ್ನವರ ಆರೋಗ್ಯ ಕೇಳಿದಳು. ಆಮೇಲೆ ಫಾರ್ಮನ್ನು ನನ್ನ ಕಡೆ ತಳ್ಳಿ, ನಿಮ್ಮ ಅಕ್ಷರ ದುಂಡಗೆ ಅಕ್ಕ, ಈ ವಿಳಾಸ ನೀವು ಬರೆಯಿರಿ ಅಂದಳು. ಬರೆದೆ. ಶಾಯಿ ಆರಿತೋ ಇಲ್ಲವೋ, ಕವರಿಗೆ ಹಾಕಿ ಹುಡುಗಿಯ ಕೈಗೆ ಕೊಟ್ಟಳು.

“ಈಗಲೇ ಹೊರಡು. ಮನೆಗೆ ಹೋಗಿ ಆಮೇಲೆ ಅಂತ ಕೂರಬೇಡ. ಹನ್ನೊಂದು ಗಂಟೆಗೆ ಬಸ್ಸುಂಟು.”

ಅವರು ಗೇಟು ದಾಟಿದ ಮೇಲೆ ನಾನು ಫೋಟೋ ತೆಗೆದು ಚಾಪೆಯ ಮೇಲೆ ಇಟ್ಟೆ. ಅವಳು ಎತ್ತಿ ನೋಡಿ, ಅಮ್ಮ ತಲೆಗೆ ಒಂದು ಕುಡ್ತೆ ಎಣ್ಣೆ ಹಾಕಿದ ಹಾಗೆ ಕಾಣ್ತದೆ ಅಂತ ನಕ್ಕಳು. ನಾನು ನಗಲಿಲ್ಲ. ಹೇಳಿದೆ. ಸೂತಕದ ಕಾರಣ ಅಲ್ಲ ಜಯಂತಿ, ಕೈ ಹಾಕಿ ತೆಗೆಯಬಹುದಿತ್ತು, ನಾನು ತೆಗೆಯಲಿಲ್ಲ ಅಂತ. ಇನ್ನೂ ಏನೇನೋ ಹೇಳಿದೆ, ಪೂರ್ತಿ ನೆನಪಿಲ್ಲ.

ಅವಳು ಫೋಟೋವನ್ನು ತಿರುಗಿಸಿ ಹಿಂಬದಿ ನೋಡಿದಳು, ಅಲ್ಲಿ ಏನೋ ಬರೆದಿರುವ ಹಾಗೆ.

“ಗೊತ್ತುಂಟು ಅಕ್ಕ. ಆ ಶುಕ್ರವಾರ ನಾನು ನಿಮ್ಮ ಗೇಟಿನಲ್ಲಿ ನಿಂತಿದ್ದೆ ಅಲ್ವಾ. ಅಲ್ಲಿಂದ ನೇರ ಕಾಣ್ತದೆ. ಬಾಗಿಲಿಗೆ ಬೀಗ ಇರಲಿಲ್ಲ, ಚಿಲಕ ಮಾತ್ರ ಇತ್ತು.”

ಹೋಗಲಿ ಬಿಡಿ ಅಂತ ಅವಳು ಹೇಳಲಿಲ್ಲ. ಫೋಟೋವನ್ನು ನನಗೆ ಹಿಂದೆ ಕೊಡಲಿಲ್ಲ, ಸಂಘದ ಪುಸ್ತಕದೊಳಗೆ ಇಟ್ಟುಕೊಂಡಳು. ಊಟ ಮಾಡಿ ಹೋಗಿ ಅಂದಳು, ನಾನು ಬೇಡ ಅಂದೆ, ಒತ್ತಾಯ ಮಾಡಲಿಲ್ಲ. ಕೊಡೆ ತಗೊಂಡು ಬಸ್ಸಿನ ಕಟ್ಟೆಯವರೆಗೆ ಬಂದಳು. ಬಿಸಿಲಿತ್ತು. ಬಸ್ಸು ಬರಲಿಕ್ಕೆ ಅರ್ಧ ಗಂಟೆಯ ಮೇಲಾಯಿತು, ಅಷ್ಟು ಹೊತ್ತೂ ಆ ಕೊಡೆಯನ್ನು ಇಬ್ಬರ ಮೇಲೂ ಹಿಡಿದುಕೊಂಡು ನಿಂತಿದ್ದಳು.

ಆ ಸಂಜೆ ದೀಪ ಹಚ್ಚುವಾಗ ದೇವರು ಆ ದಿನ ಕೊಟ್ಟದ್ದು ಅಂತ ಎಣಿಸಲಿಕ್ಕೆ ನನಗೆ ಆ ಕೊಡೆಯೊಂದೇ ಇತ್ತು. ಎಣಿಸಿದೆ.